ಮನೆಯಲ್ಲಿ ಗಿಡ್ಡ ಕೋಳಿಯ ಮರಿ ಮಾಡಿಸುವ ಕ್ರಮ

ಗಿಡ್ಡ ಎಂಬ ಮಾತು ಕಾಸರಗೋಡಿನವರಿಗೆ ಹೊಸತಲ್ಲ. ಕಾಸರಗೋಡು ಗಿಡ್ಡ ಎಂಬ ದನ ನಮ್ಮ ಗುಡ್ಡೆಗಳ ಹುಲ್ಲನ್ನೇ ಮೇದು ಬೆಳೆದುದು. ಅದನ್ನು ಕಾಪಾಡುವುದಕ್ಕಾಗಿ ಬದಿಯಡ್ಕದ ಸಮೀಪ ಬೇಳದಲ್ಲಿ ಸರಕಾರಿ ಫಾರ್ಮ್ ಕೂಡ ಉಂಟು. ಕೋಳಿಯಲ್ಲಿಯೂ ಗಿಡ್ಡ ಉಂಟು. ಆದರೆ ದನದ ಗಿಡ್ಡಕ್ಕೆ ಸಿಕ್ಕಿದ ಮರ್ಯಾದೆ ಕೋಳಿಯ ಗಿಡ್ಡಕ್ಕೆ ಸಿಕ್ಕಲಿಲ್ಲ. "ಅದರ ಮೊಟ್ಟೆ ಎಷ್ಟು, ಮಾಂಸ ಎಷ್ಟು" ಎಂದು ಕೇಳಿ ತಳ್ಳಿಬಿಡುವವರೇ ಹೆಚ್ಚು. ನಾಮಕ್ಕಲಿನ ಮೊಟ್ಟೆ ಲಾರಿಯಲ್ಲಿ ಬಂದು ಪೇಟೆಯ ಅಂಗಡಿಗಳನ್ನು ತುಂಬುವ ಈ ದಿನಗಳಲ್ಲಿ ಈ ಪ್ರಶ್ನೆ ಸಹಜವೇ. ಆದರೆ ಗಿಡ್ಡ ಕೋಳಿಯ ಬೆಲೆ ಇರುವುದು ಅದರ ಮೊಟ್ಟೆಯ ತೂಕದಲ್ಲಲ್ಲ, ಅದು ಕಾವಿಗೆ ಕೂರುವುದರಲ್ಲಿ.

ಗಿಡ್ಡ ಕೋಳಿ ಸಾಕಿದ ಯಾವ ಮನೆಯಲ್ಲಿ ವಿಚಾರಿಸಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಬರುವುದು: "ಎಂಟು ಒಡೆದು ಹೊರಗೆ ಬಂದವು, ಮಳೆಗಾಲಕ್ಕೆ ಎರಡು ಉಳಿದವು." ಎಂಟು ಮರಿ ಒಡೆಸಿದ್ದು ಹೇಂಟೆಯ ಕೆಲಸ, ಅದರಲ್ಲಿ ಅವಳು ತಪ್ಪಲಿಲ್ಲ. ಆರು ಮರಿ ಹೋದದ್ದು ನಮ್ಮ ಪಾಲಿನ ಕೆಲಸ ನಡೆಯದ್ದರಿಂದ. ಆ ಪಾಲು ಯಾವುದು, ಅದನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕೋಳಿಯ ಕಾಸು ಮನೆಯ ಹೆಂಗಸರ ಕೈಕಾಸಾದ ಕಾರಣ, ಈ ಪುಟವನ್ನು ಗಂಡಸರು ಓದಿ ಮಡಚಿಡದೆ ಒಳಗೂ ಕೊಡಬೇಕಾಗಿ ವಿನಂತಿ.

ಗಿಡ್ಡ ಕೋಳಿಯ ಜಾತಿ

ಇಂಗ್ಲಿಷರು ಗಿಡ್ಡ ಕೋಳಿಗೆ ಬ್ಯಾಂಟಮ್ ಎನ್ನುತ್ತಾರೆ. ಇದು ಜಾವಾ ದ್ವೀಪದ ಬಾಂಟಮ್ ಎಂಬ ಹಳೆಯ ಬಂದರಿನ ಹೆಸರು. ಕರಿಮೆಣಸಿನ ವ್ಯಾಪಾರಕ್ಕೆ ಅಲ್ಲಿಗೆ ಹೋಗುತ್ತಿದ್ದ ಯುರೋಪಿನ ಹಡಗಿನವರು ಸಣ್ಣ ಜಾತಿಯ ಕೋಳಿಗಳನ್ನು ಕೊಂಡುಕೊಂಡು ಹೋದರಂತೆ. ಊರಿನ ಹೆಸರು ಕೋಳಿಗೆ ಅಂಟಿತು. ಈಗ ಆಸಕ್ತರು ಜಪಾನಿನ ಚಾಬೊ, ಇಂಗ್ಲೆಂಡಿನ ಸೆಬ್ರೈಟ್, ಕಾಲಿಗೂ ಗರಿ ಇರುವ ಕೊಚಿನ್ ಬ್ಯಾಂಟಮ್ ಮುಂತಾದುವನ್ನು ಚೆಲುವಿಗಾಗಿ ಸಾಕುತ್ತಾರೆ. ನಮ್ಮ ಹಳ್ಳಿಗಳ ಅಂಗಳದಲ್ಲಿರುವ ಗಿಡ್ಡಕ್ಕೆ ಇಂಥ ವಂಶಾವಳಿ ಏನೂ ಇಲ್ಲ. ನಾಟಿ ಕೋಳಿಯಲ್ಲಿಯೇ ಸಣ್ಣದನ್ನು ಆರಿಸುತ್ತಾ ಬಂದು ನಿಂತ ಮಿಶ್ರ ಜಾತಿ ಅದು. ಹೇಂಟೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ತೂಗುವುದು. ಮೊಟ್ಟೆ ಸುಮಾರು ೩೦ ಗ್ರಾಂ. ಪೇಟೆಯ ಬಿಳಿ ಮೊಟ್ಟೆ ೫೦ರಿಂದ ೫೫ ಗ್ರಾಂ ತೂಗುವುದನ್ನು ನೋಡಿದರೆ ಇದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಹಾಗಾದರೆ ಸಾಕುವುದು ಯಾತಕ್ಕೆ? ಒಂದು, ಐದು ಹತ್ತು ಸೆಂಟ್ಸ್ ಜಾಗದ ಮನೆಗೆ ಇದು ಹೇಳಿ ಮಾಡಿಸಿದ್ದು. ತಿನ್ನುವುದು ಸ್ವಲ್ಪ, ಕೆರೆದು ಹಾಳುಮಾಡುವುದೂ ಸ್ವಲ್ಪ. ಎರಡನೆಯದು ಮುಖ್ಯವಾದುದು. ಹೆಚ್ಚು ಮೊಟ್ಟೆಗಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಕೋಳಿಗಳು ಕಾವು ಕೂರುವುದನ್ನೇ ಮರೆತಿವೆ. ಬಿಳಿ ಲೆಗಾರ್ನ್ ಕೂರುವುದೇ ಇಲ್ಲವೆನ್ನಬಹುದು. ಹೆಬ್ಬಾಳದಿಂದ ಬಂದ ಗಿರಿರಾಜ, ಮಣ್ಣುತ್ತಿಯಿಂದ ಬಂದ ಗ್ರಾಮಲಕ್ಷ್ಮಿ, ಗ್ರಾಮಶ್ರೀ ಇವೆಲ್ಲ ಒಳ್ಳೆಯ ಕೋಳಿಗಳೇ ಸರಿ, ಆದರೆ ಅವುಗಳ ಮರಿ ಬೇಕಾದಾಗೆಲ್ಲ ಮತ್ತೆ ಹಣ ಕೊಟ್ಟು ತರಬೇಕು. ಕೂರುವ ಕೋಳಿಗೆ ಮೊಟ್ಟೆ ಕಡಿಮೆ ಎಂಬುದೂ ನಿಜ. ಗಿಡ್ಡ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತಾಳೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕಿದರೆ ಹೆಚ್ಚು. ಆದರೆ ಆ ಹೇಂಟೆ ಕರೆಂಟು ಬೇಡದ, ರಿಪೇರಿ ಬೇಡದ ಒಂದು ಯಂತ್ರ. ಮಿಂಚು ಗುಡುಗಿನ ದಿನ ಹಳ್ಳಿಯ ಕರೆಂಟು ಹೇಗಿರುತ್ತದೆಂದು ವಾಚಕರಿಗೆ ಗೊತ್ತಿರುವುದರಿಂದ ಈ ಮಾತನ್ನು ಬೆಳೆಸುವುದಿಲ್ಲ.

ಕಾಲ

ಮರಿ ಮಾಡಿಸುವುದರಲ್ಲಿ ಕಾಲವೇ ಅರ್ಧ ಕೆಲಸ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ನೆಲ ಚಂಡಿ, ಗೂಡು ಚಂಡಿ, ಗಾಳಿಯೂ ಚಂಡಿ. ಎರಡು ತಿಂಗಳು ತುಂಬದ ಮರಿಗೆ ಆ ಚಂಡಿಯೇ ಯಮ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕತಕ್ಕದ್ದು. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ತಿಂಗಳ ೨೪ರ ಸುಮಾರಿಗೆ ಪತ್ತನಾಜೆ. ದೈವಗಳು ಒಳಗೆ ಹೋಗುತ್ತವೆ, ಮಳೆ ಹೊರಗೆ ಬರುತ್ತದೆ. ಆ ದಿನಕ್ಕೆ ಮರಿಗೆ ಎರಡು ತಿಂಗಳು ತುಂಬಿರಬೇಕಾದರೆ ಮಾರ್ಚ್ ೨೪ರೊಳಗೆ ಅದು ಮೊಟ್ಟೆ ಒಡೆದಿರಬೇಕು. ಅದಕ್ಕೆ ಮೂರು ವಾರ ಹಿಂದೆ, ಮಾರ್ಚ್ ಮೊದಲ ವಾರದೊಳಗೆ ಹೇಂಟೆ ಕೂತಿರಬೇಕು. ನೆನಪಿಗೆ ಸುಲಭವಾಗುವಂತೆ ಹೇಳುವುದಾದರೆ, ದೀಪಾವಳಿಯ ನಂತರ ಶುರು, ಶಿವರಾತ್ರಿಗೆ ಮುಗಿತಾಯ. ನವೆಂಬರ್ ಡಿಸೆಂಬರಿನಲ್ಲಿ ಕೂರಿಸಿದ್ದು ಎಲ್ಲಕ್ಕಿಂತ ಉತ್ತಮ. ನೆಲ ಒಣಗಿರುತ್ತದೆ, ಸೆಕೆ ಏರಿರುವುದಿಲ್ಲ, ಗದ್ದೆ ಕೊಯ್ದು ಬಿದ್ದ ಕಾಳು, ಹುಳಹುಪ್ಪಟೆಗೂ ಕೊರತೆ ಇಲ್ಲ.

ಹೇಂಟೆ ಪಂಚಾಂಗ ನೋಡಿ ಕೂರುವುದಿಲ್ಲವಲ್ಲ ಎಂದು ಕೇಳಬಹುದು. ಸರಿ. ಜೂನ್ ಜುಲೈಯಲ್ಲಿ ಕೂತವಳನ್ನು ಎಬ್ಬಿಸಿಬಿಡುವುದು ಒಳ್ಳೆಯದು. ತಣ್ಣೀರಿನಲ್ಲಿ ಮುಳುಗಿಸುವುದು, ಕಾಲು ಕಟ್ಟಿ ಹಾಕುವುದು, ಮೂಗಿಗೆ ಗರಿ ಚುಚ್ಚುವುದು ಇವೆಲ್ಲ ಹಿಂಸೆಯೇ ಹೊರತು ಉಪಾಯವಲ್ಲ. ಕೆಳಗಿನಿಂದ ಗಾಳಿ ಆಡುವಂತೆ ಸೀಳುಗಳನ್ನು ಹಾಕಿದ, ನೆಲದಿಂದ ಎತ್ತರದ ಗೂಡಿನಲ್ಲಿ ಹುಲ್ಲು ಹಾಕದೆ ಮೂರು ನಾಲ್ಕು ದಿನ ಇಡಿರಿ. ನೀರು ತೀನಿ ತಪ್ಪಿಸಬೇಡಿರಿ. ಹೊಟ್ಟೆಯ ಕೆಳಗೆ ತಂಪು ತಾಗಿದರೆ ಕಾವಿನ ಗುಂಗು ಇಳಿಯುತ್ತದೆ. ಎರಡು ಮೂರು ವಾರದಲ್ಲಿ ಪುನಃ ಮೊಟ್ಟೆಗೆ ಬರುತ್ತಾಳೆ.

ನಾಲ್ಕು ಮನೆ, ಒಂದು ದಿನ

ಇನ್ನು ಹೇಳುವುದು ಈ ಲೇಖನದ ಮುಖ್ಯ ಮಾತು. ಮನೆಯ ಕೋಳಿಗಳನ್ನು ಗುಂಪಿಗೆ ಗುಂಪೇ ಒರೆಸಿಬಿಡುವ ರೋಗ ಒಂದುಂಟು. ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುವರು. ಇಂಗ್ಲೆಂಡಿನಲ್ಲಿ ಇದಕ್ಕೆ ನ್ಯೂಕ್ಯಾಸಲ್ ಎಂಬ ಊರಿನ ಹೆಸರು, ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತ್ ಎಂಬ ಊರಿನ ಹೆಸರು ಬಿದ್ದಿದೆ. ೧೯೨೦ರ ದಶಕದ ಕೊನೆಯಲ್ಲಿ ಈ ರೋಗ ಅಲ್ಲಿ ಗುರುತಿಗೆ ಬಂತು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ರೆಕ್ಕೆ ಬೀಳುವುದು ಇದರ ಲಕ್ಷಣ. ಬಂದ ಮೇಲೆ ಮದ್ದಿಲ್ಲ. ಬಾರದಂತೆ ಲಸಿಕೆ ಉಂಟು. ಕೇರಳದ ಮೃಗಾಸ್ಪತ್ರೆಗಳಲ್ಲಿ ಇದಕ್ಕೆ "ಕೋಳಿ ವಸಂತ" ಎಂದು ಹೆಸರು. ನಮ್ಮವರು ಆ ಫಲಕವನ್ನು ಓದಿಸಿ ಕೇಳಿ, ವಸಂತ ಋತುವಿನಲ್ಲಿ ಕೋಳಿಗೆ ಏನೋ ಕೊಡುತ್ತಾರೆಂದು ತಿಳಿದು ಹಿಂದೆ ಬರುವುದುಂಟು. ಅದು ಋತುವಲ್ಲ, ರೋಗ. ಆಸ್ಪತ್ರೆಯಲ್ಲಿ "ಕೋಳಿ ವಸಂತದ ಲಸಿಕೆ" ಎಂದು ಕೇಳಿದರೆ ಯಾರಿಗೂ ತಿಳಿಯುತ್ತದೆ.

ಈಗ ತೊಡಕು ನೋಡಿರಿ. ಈ ಲಸಿಕೆ ನೂರು ಕೋಳಿಗಾಗುವಷ್ಟು, ಇಲ್ಲವೆ ಅದಕ್ಕೂ ಹೆಚ್ಚಿನ ಪ್ರಮಾಣದ ಸೀಸೆಯಲ್ಲಿ ಬರುತ್ತದೆ. ಬಾಯಿ ತೆರೆದು ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸದಿದ್ದರೆ ಅದರ ಜೀವ ಹೋಗುತ್ತದೆ, ಮರುದಿನಕ್ಕೆ ಇಡುವಂತಿಲ್ಲ. ಏಳು ಮರಿ ಇರುವ ಮನೆಯವಳು ನೂರರ ಸೀಸೆ ತಂದು ಏನು ಮಾಡಬೇಕು? ತರುವುದೇ ಇಲ್ಲ. ಆಚೆ ಮನೆಯ ಮರಿ ಹತ್ತು ದಿನ ದೊಡ್ಡದು, ಈಚೆ ಮನೆಯದು ಇನ್ನೂ ಮೊಟ್ಟೆಯೊಳಗೆ. ಹೀಗೆ ಯಾರ ಮರಿಗೂ ಲಸಿಕೆ ಬೀಳದೆ ಒಂದು ವರ್ಷ ಇಡೀ ಬೈಲಿನ ಕೋಳಿಯೆಲ್ಲ ಖಾಲಿಯಾಗುತ್ತದೆ.

ಇದಕ್ಕೆ ಪರಿಹಾರ, ಒಂದು ಬೈಲಿನ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ದಿನ ಕಾವು ಕೂರಿಸುವುದು. ಇದು ಅಸಾಧ್ಯವೇನೂ ಅಲ್ಲ. ಮೊದಲು ಕಾವಿಗೆ ಬಂದ ಹೇಂಟೆಯ ಕೆಳಗೆ ಎರಡು ಮೂರು ಹುಸಿ ಮೊಟ್ಟೆ ಇಟ್ಟರೆ (ಮರದಲ್ಲಿ ಕೆತ್ತಿದ್ದು, ಇಲ್ಲವೆ ಗುರುತು ಹಾಕಿದ ಹಳೆ ಮೊಟ್ಟೆ) ನಾಲ್ಕೈದು ದಿನ ಅದರ ಮೇಲೆಯೇ ಕೂತಿರುತ್ತಾಳೆ. ಅಷ್ಟರಲ್ಲಿ ಉಳಿದ ಮನೆಯ ಒಂದೆರಡು ಹೇಂಟೆಗಳು ಕೂರುತ್ತವೆ. ಒಂದು ಸಂಜೆ ಗೊತ್ತುಮಾಡಿ ಎಲ್ಲರೂ ಹುಸಿ ಮೊಟ್ಟೆ ತೆಗೆದು ಒಳ್ಳೆ ಮೊಟ್ಟೆ ಇಟ್ಟರಾಯಿತು. ಇಪ್ಪತ್ತು ಇಪ್ಪತ್ತೊಂದು ದಿನದಲ್ಲಿ ನಾಲ್ಕು ಮನೆಯಲ್ಲಿ ಮೂವತ್ತರಷ್ಟು ಮರಿಗಳು ಒಂದೇ ಪ್ರಾಯದಲ್ಲಿ ಸಿದ್ಧ. ಒಂದು ಸೀಸೆ, ಒಬ್ಬರ ಬಸ್ಸು ಚಾರ್ಜು, ಒಂದು ಫ್ಲಾಸ್ಕ್ ಐಸು ಸಾಕು.

ಇದರಿಂದ ಇನ್ನೊಂದು ಲಾಭವೂ ಉಂಟು. ಒಬ್ಬಳಿಗೆ ಮೂರೇ ಮರಿ ಒಡೆದು, ಅದೇ ಮನೆಯ ಇನ್ನೊಬ್ಬಳಿಗೆ ಐದು ಒಡೆದರೆ, ಮೊದಲ ಒಂದೆರಡು ದಿನದೊಳಗೆ ರಾತ್ರಿಯ ಹೊತ್ತು ಮೂರನ್ನೂ ಐದರ ಜೊತೆ ಸೇರಿಸಿಬಿಡಬಹುದು. ಕತ್ತಲಲ್ಲಿ ತಾಯಿ ಲೆಕ್ಕ ಮಾಡುವುದಿಲ್ಲ. ಖಾಲಿಯಾದವಳು ಬೇಗ ಮೊಟ್ಟೆಗೆ ಬರುತ್ತಾಳೆ.

ಮೊಟ್ಟೆಯ ಆಯ್ಕೆ

ಹುಂಜವಿಲ್ಲದೆ ಇಟ್ಟ ಮೊಟ್ಟೆ ಕಾವಿಗೆ ಪ್ರಯೋಜನವಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆ ಹುಂಜ ಅದೇ ಹೇಂಟೆಗಳ ಅಣ್ಣತಮ್ಮನಾಗಿರಬಾರದು. ವರ್ಷ ವರ್ಷ ಅದೇ ರಕ್ತ ಕೂಡಿದರೆ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತಾ ಬರುತ್ತದೆ, ಮರಿಯೂ ಸೊರಗುತ್ತದೆ. ದೂರದ ಮನೆಯೊಂದರೊಡನೆ ಹುಂಜವನ್ನು ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ. ತಂದ ಹುಂಜವನ್ನು ಎರಡು ವಾರ ಬೇರೆಯೇ ಕಟ್ಟಿ, ರೋಗವಿಲ್ಲವೆಂದು ಕಂಡ ಮೇಲೆ ಗುಂಪಿಗೆ ಬಿಡತಕ್ಕದ್ದು.

ತೀರಾ ಮೋಟು ಕಾಲಿನ ಜಾತಿ ಸಾಕುವವರು ಒಂದು ವಿಷಯ ತಿಳಿದಿರಬೇಕು. ಚಾಬೊ ಕೋಳಿಯ ಗಿಡ್ಡ ಕಾಲಿಗೆ ಕಾರಣವಾದ ಗುಣ ತಾಯಿಯಿಂದಲೂ ತಂದೆಯಿಂದಲೂ ಬಂದು ಒಂದೇ ಮರಿಯಲ್ಲಿ ಸೇರಿದರೆ ಅದು ಮೊಟ್ಟೆಯೊಳಗೇ ಸಾಯುತ್ತದೆ. ಆದ್ದರಿಂದ ಮೋಟು ಕಾಲಿನ ಹುಂಜಕ್ಕೆ ಮೋಟು ಕಾಲಿನ ಹೇಂಟೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಮೊಟ್ಟೆಯ ನಷ್ಟ ಖಂಡಿತವೆಂದೇ ಲೆಕ್ಕ. "ಯಾರ ದೃಷ್ಟಿ ತಾಗಿತೋ" ಎಂದು ಚಿಂತಿಸುವ ಬದಲು ಜೊತೆಯಲ್ಲಿ ಒಂದನ್ನು ಉದ್ದ ಕಾಲಿನದಾಗಿ ಆರಿಸಿದರೆ ಈ ನಷ್ಟವಿಲ್ಲ. ಮರಿಗಳಲ್ಲಿ ಅರ್ಧದಷ್ಟು ಮೋಟು, ಅರ್ಧದಷ್ಟು ಉದ್ದ ಬರುವುದು.

ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳತಾಗಬಾರದು. ಮಾರ್ಚ್ ತಿಂಗಳ ಸೆಕೆಯಲ್ಲಾದರೆ ಐದು ದಿನ ಸಾಕು. ಹೊರಗಿನ ಸೆಕೆಗೇ ಮೊಟ್ಟೆಯೊಳಗಿನ ಜೀವ ಅರೆಬರೆ ಚಿಗುರಿ, ಪೂರ್ತಿ ಕಾವು ಸಿಗದೆ ಸತ್ತುಹೋಗುವುದುಂಟು. ಅಕ್ಕಿಯ ಡಬ್ಬದಲ್ಲಿ ಇಡುವ ಕ್ರಮ ಒಳ್ಳೆಯದೇ, ಆದರೆ ಡಬ್ಬ ಅಡುಗೆ ಒಲೆಯ ಬಳಿ ಇರಬಾರದು. ಅದಕ್ಕಿಂತ ಉತ್ತಮವಾದುದು, ಮಣ್ಣಿನ ಮಡಕೆಯಲ್ಲಿ ಉಮಿ ಹಾಕಿ, ಮಡಕೆಯನ್ನು ಒದ್ದೆ ಹೊಯ್ಗೆಯಲ್ಲಿ ಅರ್ಧ ಹೂತು, ಅದರೊಳಗೆ ಚೂಪು ತುದಿ ಕೆಳಗಾಗುವಂತೆ ಮೊಟ್ಟೆ ಇಡುವುದು. ಮೊಟ್ಟೆಯನ್ನು ತೊಳೆಯಲೇಬಾರದು. ಓಡಿನ ಮೇಲೆ ರಕ್ಷಣೆಯ ಒಂದು ಪೊರೆ ಇರುತ್ತದೆ. ತೊಳೆದರೆ ಅದು ಹೋಗಿ ಕೊಳೆ ಒಳಗಿಳಿಯುತ್ತದೆ. ಹೊಸದಾಗಿ ಮೊಟ್ಟೆಗೆ ಬಂದವಳ ಮೊದಲ ಮೊಟ್ಟೆಗಳನ್ನೂ, ಬಿರುಕು ಬಿಟ್ಟುದನ್ನೂ, ತೀರಾ ಉರುಟಾದುದನ್ನೂ ಪಲ್ಯಕ್ಕೆ ಹಾಕಿರಿ.

ಎಷ್ಟು ಇಡಬೇಕು? ಗಿಡ್ಡ ಹೇಂಟೆಯ ರೆಕ್ಕೆಯ ಕೆಳಗೆ ಅವಳದೇ ಮೊಟ್ಟೆ ಎಂಟೋ ಒಂಬತ್ತೋ ಹಿಡಿಯುತ್ತದೆ. ದೊಡ್ಡ ನಾಟಿ ಕೋಳಿಯದಾದರೆ ಐದಾರು. ಆಸೆಗೆ ಹದಿಮೂರು ಇಟ್ಟರೆ ದಿನಕ್ಕೊಂದು ಸರದಿಯಂತೆ ಹೊರಗೆ ಉಳಿದು ಹದಿಮೂರೂ ತಣಿಯುತ್ತವೆ. ಕಾಡುಕೋಳಿಯ ಮೊಟ್ಟೆ ಸಿಕ್ಕಿತೆಂದು ತಂದು ಇದರ ಕೆಳಗೆ ಇಡುವ ಚಪಲ ಕೆಲವರಿಗುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅದು ಅಪರಾಧ.

ಗೂಡು ಮತ್ತು ಕಾವು

ಬುಟ್ಟಿಯಾಗಲಿ, ಹಳೆಯ ಹೆಡಿಗೆಯಾಗಲಿ, ಅದರ ಅಡಿಗೆ ಎರಡು ಬೆರಳು ದಪ್ಪ ಮಣ್ಣು ಹರಡಿ ನಡುವೆ ತುಸು ಗುಂಡಿ ಮಾಡಿ ಮೇಲೆ ಒಣ ಬೈಹುಲ್ಲು ಹಾಸಬೇಕು. ಮಣ್ಣು ಹಾಕುವುದು ಮೊಟ್ಟೆ ಮೂಲೆಗೆ ಉರುಳದ ಹಾಗೆ, ಮತ್ತು ತೇವ ನಿಲ್ಲುವ ಹಾಗೆ. ಹುಲ್ಲಿನ ಕೆಳಗೆ ಒಲೆಯ ಬೂದಿ, ಒಣಗಿಸಿದ ಕಹಿಬೇವಿನ ಸೊಪ್ಪು ಅಥವಾ ನೆಕ್ಕಿ ಸೊಪ್ಪು ಹಾಕಿರಿ. ಕೂತ ಹೇಂಟೆಗೆ ದೊಡ್ಡ ಶತ್ರು ಕೋಳಿಹೇನು. ಮೂರು ವಾರ ಅಲ್ಲಾಡದೆ ಕೂತ ಮೈಯಲ್ಲಿ ಅದು ಸಾವಿರಗಟ್ಟಲೆ ಹೆಚ್ಚಿ, ಕಡಿತ ತಾಳದೆ ಹೇಂಟೆ ಗೂಡು ಬಿಟ್ಟು ಏಳುತ್ತಾಳೆ. ಕೂರಿಸುವ ಮೊದಲೇ ರೆಕ್ಕೆಯ ಅಡಿ, ಬಾಲದ ಬುಡ ಬಿಡಿಸಿ ನೋಡುವುದು ಮರೆಯಬಾರದು.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಬ್ಬಿಣದ ತುಂಡು, ಇದ್ದಲು ಇಡುವ ವಾಡಿಕೆ ಇದೆ. ಇಟ್ಟರೆ ಹಾನಿಯಿಲ್ಲ. ಆದರೆ ಗುಡುಗಿನ ಕಾಲವೆಂದರೆ ಏಪ್ರಿಲ್, ಮೇ. ಆಗ ಕೆಡಿಸುವುದು ಸೆಕೆ, ಹಳೆ ಮೊಟ್ಟೆ, ತೇವ. ಶಿವರಾತ್ರಿಯೊಳಗೆ ಕೂರಿಸಿದವರಿಗೆ ಕಬ್ಬಿಣದ ಅಗತ್ಯ ಬೀಳುವುದು ಅಪರೂಪ.

ಕೂರಿಸುವುದು ಕತ್ತಲಾದ ಮೇಲೆ. ಗೂಡು ನೆರಳಿನಲ್ಲಿ, ನಾಯಿ ಮಕ್ಕಳ ಗಲಾಟೆಯಿಲ್ಲದ ಮೂಲೆಯಲ್ಲಿ ಇರಲಿ. ಬೇರೆ ಹೇಂಟೆಗಳು ಬಂದು ಅದರಲ್ಲಿಯೇ ಮೊಟ್ಟೆ ಇಡದಂತೆ ಮರೆ ಕಟ್ಟಿರಿ. ಇಲ್ಲವಾದರೆ ಕೆಲವು ಇಂದು ಒಡೆದು ಕೆಲವು ಹತ್ತು ದಿನ ಬಿಟ್ಟು ಒಡೆಯಬೇಕಾಗಿ ಬಂದು, ತಾಯಿ ಮೊದಲಿನ ಮರಿಗಳೊಡನೆ ಎದ್ದುಹೋಗುತ್ತಾಳೆ. ದಿನಕ್ಕೊಮ್ಮೆ ಅವಳು ಏಳುತ್ತಾಳೆ, ತಿಂದು ಕುಡಿದು ದೂಳಿನಲ್ಲಿ ಹೊರಳಿ ಹಿಕ್ಕೆ ಹಾಕಿ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಹಿಂದಕ್ಕೆ ಬರುತ್ತಾಳೆ. ಆ ಹೊತ್ತು ಮೊಟ್ಟೆ ತಣಿಯಿತೆಂದು ಗಾಬರಿ ಬೇಡ. ಏಳದೆ ಹಟ ಹಿಡಿದು ಕೂರುವವಳನ್ನು ಮೆಲ್ಲನೆ ಎತ್ತಿ ತೀನಿಯ ಮುಂದೆ ಬಿಡಬೇಕು. ಮೊಟ್ಟೆ ಹೊರಳಿಸುವುದೂ ಅವಳೇ ಮಾಡಿಕೊಳ್ಳುವ ಕೆಲಸ. ಪೆಟ್ಟಿಗೆಯಲ್ಲಿ ಮರಿ ಮಾಡಿಸುವವನು ೩೭.೫ ಡಿಗ್ರಿಯ ಸೆಕೆ ಹಿಡಿದು, ತೇವ ನೋಡಿ, ದಿನಕ್ಕೆ ಮೂರು ಐದು ಸಲ ಮೊಟ್ಟೆ ತಿರುಗಿಸಬೇಕು. ಹೇಂಟೆ ಅದನ್ನೆಲ್ಲ ಯಾರೂ ಕಲಿಸದೆ ಮಾಡುತ್ತಾಳೆ.

ಏಳನೆಯ ರಾತ್ರಿ ಕೋಣೆಯ ದೀಪ ಆರಿಸಿ, ರಟ್ಟಿನಲ್ಲಿ ಮೊಟ್ಟೆಗಿಂತ ಸಣ್ಣ ತೂತು ಮಾಡಿ, ಹಿಂದಿನಿಂದ ಮೊಬೈಲಿನ ಟಾರ್ಚು ಹಿಡಿದು ನೋಡಿರಿ. ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡನ ಬಲೆಯಂತೆ ಕೆಂಪು ನರಗಳು ಕಂಡರೆ ಜೀವ ಉಂಟು. ಏನೂ ಇಲ್ಲದೆ ತಿಳಿಯಾಗಿದ್ದರೆ ಹುಂಜದ ಸಂಗವಾಗದ್ದು. ರಕ್ತದ ಬಳೆಯೊಂದು ಮಾತ್ರ ಕಂಡರೆ ಮೊಳೆತು ಸತ್ತದ್ದು. ಕೊನೆಯ ಎರಡನ್ನೂ ತೆಗೆಯಬೇಕು. ಕೊಳೆತ ಮೊಟ್ಟೆ ಗೂಡಿನಲ್ಲಿ ಒಡೆದರೆ ಒಳ್ಳೆಯದನ್ನೂ ಕೆಡಿಸುತ್ತದೆ.

ಗಿಡ್ಡದ ಮೊಟ್ಟೆ ಇಪ್ಪತ್ತನೆಯ ದಿನವೇ, ಕೆಲವು ಹತ್ತೊಂಬತ್ತಕ್ಕೇ ಒಡೆಯುವುದುಂಟು. ದೊಡ್ಡ ಕೋಳಿಯದು ಇಪ್ಪತ್ತೊಂದು. ಹದಿನೆಂಟರಿಂದ ಗೂಡನ್ನು ಮುಟ್ಟಬಾರದು. ಓಡಿಗೆ ಸಣ್ಣ ತೂತು ಬಿದ್ದ ಮೇಲೆ ಮರಿ ಹೊರಬರಲು ಹನ್ನೆರಡು ಗಂಟೆ, ಒಂದು ಹಗಲು ರಾತ್ರಿಯೂ ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ಹಳದಿಯ ಉಳಿಕೆಯನ್ನೂ ನರಗಳಲ್ಲಿನ ರಕ್ತವನ್ನೂ ಒಳಗೆಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಉಗುರಿನಲ್ಲಿ ಓಡು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಆ ಹಳದಿಯ ಬಲದಿಂದಲೇ ಹೊಸ ಮರಿ ಎರಡು ದಿನ ತೀನಿಯಿಲ್ಲದೆ ಇರಬಲ್ಲದು. ಆದ್ದರಿಂದ ಕೊನೆಯ ಮೊಟ್ಟೆ ಒಡೆಯುವ ತನಕ ತಾಯಿಯನ್ನು ಎಬ್ಬಿಸುವ ಆತುರ ಬೇಡ.

ಮೊದಲ ತಿಂಗಳು

ಹೋಗುವ ಮರಿಗಳಲ್ಲಿ ಹೆಚ್ಚಿನವು ಈ ತಿಂಗಳಲ್ಲಿಯೇ ಹೋಗುವುದು. ಗಿಡ್ಡದ ಮರಿ ಹುಟ್ಟುವಾಗ ಇಪ್ಪತ್ತು ಗ್ರಾಂ. ದೊಡ್ಡ ಮರಿಗೆ ಮೊಣಕಾಲಿನ ನೀರು ಇದಕ್ಕೆ ಬಾವಿ. ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ ಸಂದಿನಲ್ಲಿ ಮಾತ್ರ ನೀರು ನಿಲ್ಲಿಸಿರಿ. ತೀನಿಗೆ ಅಡಿಕೆ ಹಾಳೆಯ ತುಂಡೇ ಒಳ್ಳೆಯ ತಟ್ಟೆ. ಕೊಳೆಯಾದರೆ ಎಸೆದು ಹೊಸತು ಹಾಕಬಹುದು.

ಬರೇ ನುಚ್ಚಕ್ಕಿ ಹಾಕಿ ಮರಿ ಬೆಳೆಸುತ್ತೇವೆ ಎಂಬುದು ದೊಡ್ಡ ತಪ್ಪು. ನುಚ್ಚು ಹೊಟ್ಟೆ ತುಂಬಿಸೀತು, ಮಾಂಸ ಗರಿ ಕಟ್ಟಲಾರದು. ಅಂಗಡಿಯಲ್ಲಿ ದೊರೆಯುವ ಮರಿಯ ಹಿಟ್ಟಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಸಾರಜನಕಾಂಶ ಉಂಟು. ಏಳೆಂಟು ಮರಿಗೆ ಮೊದಲ ತಿಂಗಳು ಅದು ನಾಲ್ಕೈದು ಕಿಲೋ ಬೇಕಾದೀತು. ಅಷ್ಟು ಖರ್ಚು ಮಾಡಿದರೆ ನಷ್ಟವಿಲ್ಲ. ಜೊತೆಗೆ ಅಜ್ಜಿಯಂದಿರ ಉಪಾಯ: ಹಳೆಯ ಮಡಕೆಯಲ್ಲಿ ತೆಂಗಿನ ಸಿಪ್ಪೆ, ಒಣ ಸೆಗಣಿ ತುಂಬಿ ನೀರು ಚಿಮುಕಿಸಿ ಗೆದ್ದಲಿರುವಲ್ಲಿ ಕವುಚಿಟ್ಟರೆ ಒಂದೆರಡು ದಿನದಲ್ಲಿ ಒಳಗೆಲ್ಲ ಗೆದ್ದಲು. ಅದನ್ನು ಕೊಡವಿ ಹಾಕಿದರೆ ಮರಿಗಳು ಮುಗಿಬಿದ್ದು ತಿನ್ನುವುದನ್ನು ನೋಡುವುದೇ ಚಂದ. ಬೂಸಲು ಹಿಡಿದ ಕೊಬ್ಬರಿ ಹಿಂಡಿ, ನೆಲಗಡಲೆ ಹಿಂಡಿ ಮಾತ್ರ ಯಾವ ಕಾರಣಕ್ಕೂ ಬೇಡ. ಆ ಬೂಸಲಿನ ವಿಷ ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ಹಾಸಿಗೆ ಸದಾ ಒಣಗಿರಲಿ. ಉಮಿಯೋ ಮರದ ಪುಡಿಯೋ ಹಾಕಿ, ಮೊದಲ ಮೂರು ದಿನ ಮೇಲೆ ಕಾಗದ ಹಾಸಿದರೆ ಮರಿಗಳು ಪುಡಿ ತಿನ್ನುವುದು ತಪ್ಪುತ್ತದೆ. ಒದ್ದೆಯಾದುದನ್ನು ಆಗಾಗ ತೆಗೆಯಬೇಕು. ಮೂರು ವಾರದ ನಂತರ ಮರಿ ಗರಿ ಕೆದರಿ ಮುದುಡಿ ನಿಂತು ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಒದ್ದೆ ಹಾಸಿಗೆಯಲ್ಲಿ ಬೆಳೆಯುವ ರಕ್ತಭೇದಿ. ಇದಕ್ಕೆ ನೀರಿನಲ್ಲಿ ಬೆರೆಸುವ ಮದ್ದು ಆಸ್ಪತ್ರೆಯಲ್ಲಿ ಉಂಟು. ಆ ದಿನವೇ ಹೋಗಬೇಕು, ನಾಳೆ ನೋಡುವ ಎಂದರೆ ನಾಳೆ ಅರ್ಧ ಮರಿ.

ಶತ್ರುಗಳ ಪಟ್ಟಿ ಎಲ್ಲರಿಗೂ ಗೊತ್ತು: ಕಾಗೆ, ಗಿಡುಗ, ಮುಂಗುಸಿ, ಕಾಡುಬೆಕ್ಕು, ಕೇರೆ, ಇಲಿ. ಮೊದಲ ಎರಡು ವಾರ ತಾಯಿಮರಿಗಳನ್ನು ಒಂದು ಆವರಣದೊಳಗೆ ಬಿಟ್ಟು ಮೇಲೆ ಹಳೆಯ ಮೀನುಬಲೆ ಕಟ್ಟಿದರೆ ಕಾಗೆ ಗಿಡುಗದ ಕಾಟ ಮುಗಿಯಿತು. ಕಡಲ ಬದಿಯಲ್ಲಿ ಹಳೆ ಬಲೆಗೆ ಕೊರತೆಯಿಲ್ಲ. ರಾತ್ರಿಯ ಗೂಡು ಅಡಿಕೆ ಮರದ ಸೀಳಿನಲ್ಲಾಗಲಿ ಮುರಕಲ್ಲಿನಲ್ಲಾಗಲಿ, ನೆಲದಿಂದ ಎತ್ತರವಿದ್ದು ಸಂದುಗಳಿಗೆಲ್ಲ ಸಣ್ಣ ಕಣ್ಣಿನ ತಂತಿಬಲೆ ಹೊಡೆದಿರಬೇಕು. ಕೋಳಿಬಲೆಯ ದೊಡ್ಡ ಕಣ್ಣಿನಲ್ಲಿ ಗಿಡ್ಡದ ಮರಿ ಹೊರಗೆ ನುಸಿಯುವುದು, ಇಲಿ ಮತ್ತು ಸಣ್ಣ ಹಾವು ಒಳಗೆ ನುಸಿಯುವುದು ಎರಡೂ ಸುಲಭ.

ಲಸಿಕೆಯ ಕ್ರಮ ಹೀಗೆ: ಐದರಿಂದ ಏಳನೆಯ ದಿನದೊಳಗೆ ಲಾಸೋಟಾ ಅಥವಾ ಎಫ್ ಲಸಿಕೆ, ಕಣ್ಣಿಗೆ ಇಲ್ಲವೆ ಮೂಗಿಗೆ ಒಂದು ಹನಿ. ನಾಲ್ಕನೆಯ ವಾರ ಲಾಸೋಟಾ ಮತ್ತೊಮ್ಮೆ, ಕುಡಿಯುವ ನೀರಿನಲ್ಲಿ. ನಳ್ಳಿಯ ನೀರಿನ ಕ್ಲೋರಿನ್ ಲಸಿಕೆಯನ್ನು ಕೊಲ್ಲುವುದರಿಂದ ಬಾವಿ ನೀರೇ ಬೇಕು, ಅದೂ ಬ್ಲೀಚಿಂಗ್ ಪುಡಿ ಹಾಕದ್ದು. ಕೊಡುವ ಒಂದೆರಡು ಗಂಟೆ ಮೊದಲು ನೀರು ತೆಗೆದಿಟ್ಟರೆ ಬಾಯಾರಿ ಎಲ್ಲವೂ ಕುಡಿಯುತ್ತವೆ. ಎಂಟನೆಯ ವಾರ ಆರ್‌೨ಬಿ ಎಂಬ ಚುಚ್ಚುಮದ್ದು, ಚರ್ಮದ ಅಡಿಗೆ. ಇದು ಬಲವಾದ ಲಸಿಕೆ. ಎಂಟು ವಾರಕ್ಕೆ ಮೊದಲು, ಅಥವಾ ಸೊರಗಿದ ಮರಿಗೆ ಕೊಡಬಾರದು. ಪತ್ತನಾಜೆಯ ಲೆಕ್ಕ ಹಾಕಿದ್ದು ಇದಕ್ಕಾಗಿಯೂ ಹೌದು. ಮಳೆ ಹಿಡಿಯುವ ಮೊದಲೇ ಮೂರೂ ಮುಗಿದಿರುತ್ತವೆ. ಸಿಡುಬಿನ ಲಸಿಕೆಯನ್ನು ಆರನೆಯ ವಾರ ಕೊಡುತ್ತಾರೆ. ಸೊಳ್ಳೆಯ ಕಾಟವಿರುವ ತೋಟದ ಮನೆಗಳವರು ಅದನ್ನೂ ಕೇಳಿ ಹಾಕಿಸುವುದು ಒಳ್ಳೆಯದು.

ಒಂದು ಎಚ್ಚರಿಕೆ. ನಾಲ್ಕು ಮನೆಯ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಒಂದು ಅಂಗಳದಲ್ಲಿ ಸೇರಿಸಬೇಡಿರಿ. ಒಂದರ ರೋಗ ಎಲ್ಲಕ್ಕೂ ಹತ್ತೀತು. ಲಸಿಕೆಯ ಸೀಸೆ ಐಸಿನ ಫ್ಲಾಸ್ಕಿನಲ್ಲಿ ಮನೆಯಿಂದ ಮನೆಗೆ ಹೋಗಲಿ, ಹಾಕುವವರು ಪ್ರತಿ ಮನೆಯಲ್ಲೂ ಸೋಪಿನಲ್ಲಿ ಕೈಕಾಲು ತೊಳೆಯಲಿ. ಮೊದಲು ಸೀಸೆ ತಂದವರ ಮನೆಯಲ್ಲಿ ಮರಿ ಸೊರಗಿದ್ದರೆ ಆ ಮನೆ ಕೊನೆಗೆ.

ಕಾರಣ ತಿಳಿಯದೆ ಒಂದೇ ಸಲ ಹಲವು ಕೋಳಿ ಸತ್ತರೆ ತಿನ್ನುವುದು, ಅಗ್ಗಕ್ಕೆ ಮಾರುವುದು, ತೋಡಿಗೆ ಎಸೆಯುವುದು ಮೂರ್ಖತನ. ೨೦೧೪ರಲ್ಲಿ ಆಲಪ್ಪುಳ, ಕೋಟ್ಟಯಂ ಕಡೆ ಬಾತು ಕೋಳಿಗಳಲ್ಲಿ ಹಕ್ಕಿಜ್ವರ ಬಂದದ್ದು ವಾಚಕರಿಗೆ ನೆನಪಿರಬಹುದು. ಮೃಗಾಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಆರೇಳು ವಾರದಲ್ಲಿ ತಾಯಿ ಮರಿಗಳನ್ನು ಕುಕ್ಕಿ ಓಡಿಸಲು ತೊಡಗುತ್ತಾಳೆ. ಆಗ ಅವಳನ್ನು ಬೇರೆ ಮಾಡಿದರೆ ಬೇಗ ಮೊಟ್ಟೆಗೆ ಬರುವಳು. ಗಿಡ್ಡದ ಮರಿಗಳು ಹಾರುವುದರಲ್ಲಿ ಬಲು ಗಟ್ಟಿ. ಎರಡು ತಿಂಗಳಿಗೇ ಹಲಸಿನ ಮರ ಹತ್ತಿ ಮಲಗುವ ಅಭ್ಯಾಸ ಹಿಡಿದರೆ ಮತ್ತೆ ಗೂಡಿಗೆ ತರುವುದು ಕಷ್ಟ, ಮರದ ಮೇಲೆ ಕಾಡುಬೆಕ್ಕು ಗೂಬೆಗಳ ಪಾಲು. ಒಂದೇ ಬದಿಯ ರೆಕ್ಕೆಯ ಉದ್ದ ಗರಿಗಳ ತುದಿಯನ್ನು ಕತ್ತರಿಯಿಂದ ಕತ್ತರಿಸಿದರೆ ನೋವಿಲ್ಲ, ತೂಕ ತಪ್ಪಿ ಮೇಲೆ ಹಾರಲಾರದು. ಎಳೆಯ ಗರಿಯ ಬುಡದಲ್ಲಿ ರಕ್ತ ಇರುವುದರಿಂದ ತುದಿಯನ್ನು ಮಾತ್ರ ಕತ್ತರಿಸತಕ್ಕದ್ದು. ಗರಿ ಉದುರಿ ಹೊಸತು ಬಂದ ಮೇಲೆ ಇನ್ನೊಮ್ಮೆ ಮಾಡಬೇಕಾಗುವುದು.